ಕೊಡಗಿನಲ್ಲಿ ‘ಇದ್ದೇವೆ’ ಅಂತ ಯಾರು ಸಾಬೀತು ಮಾಡಬೇಕು? ಸಾರ್ವಜನಿಕ ಬರವಣಿಗೆಯಲ್ಲಿ ಅಸ್ತಿತ್ವದ ಮಾತು

ಕಕ್ಕಬ್ಬೆ_ಓದುಗ

ಎಲ್ಲರಿಗೂ ನಮಸ್ಕಾರ. ನಮ್ಮ ಜಿಲ್ಲೆಯ ವಿಷಯದಲ್ಲಿ ಬರುವ ಲೇಖನ, ಮನವಿಪತ್ರ, ಸಭೆಯ ವರದಿ ಎಲ್ಲವನ್ನೂ ತಪ್ಪದೆ ಓದುವವನು ನಾನು. ಒಂದು ವಿಷಯ ತುಂಬ ದಿನದಿಂದ ಕೊರೆಯುತ್ತಿದೆ. ಇಲ್ಲಿ ಬರೆಯುವವರು ಜಾಸ್ತಿ ಇದ್ದಾರೆ, ಅದಕ್ಕೇ ಕೇಳುತ್ತಿದ್ದೇನೆ.

ಯಾವ ಸಮಸ್ಯೆ ಎತ್ತಿಕೊಂಡರೂ ಅದು ‘ಅಸ್ತಿತ್ವದ ಪ್ರಶ್ನೆ’ಗೆ ಹೋಗಿ ನಿಲ್ಲುತ್ತದೆ. ತೋಟ ಮಾರಾಟ, ರೆಸಾರ್ಟ್, ಆನೆ ಕಾಟ, ಕ್ಷೇತ್ರ ವಿಂಗಡಣೆ, ಮಕ್ಕಳ ಭಾಷೆ, ಎಲ್ಲದಕ್ಕೂ ಅದೇ ಮಾತು. ಇನ್ನೊಂದು ಕಡೆ ‘ಇದೆ’ ಅನ್ನುವುದನ್ನು ತೀರ ಸಲೀಸಾಗಿ ಬರೆದುಬಿಡುತ್ತೇವೆ. ದೇವರಕಾಡಿನ ವಿಷಯವನ್ನೇ ತೆಗೆದುಕೊಳ್ಳಿ. ‘ಕೊಡಗಿನಲ್ಲಿ 1,214 ದೇವರಕಾಡುಗಳಿವೆ’ ಎಂಬ ವಾಕ್ಯವನ್ನು ಓದದವರೇ ಇಲ್ಲ. ಅದು ದಾಖಲೆಯಲ್ಲಿರುವ ಸಂಖ್ಯೆ. ಅದೇ ದಾಖಲೆಗಳ ಪ್ರಕಾರ 1905ರಲ್ಲಿ ಇವುಗಳ ವಿಸ್ತೀರ್ಣ 6,277 ಹೆಕ್ಟೇರ್. 1985ಕ್ಕೆ ಬರುವಾಗ 2,550 ಹೆಕ್ಟೇರ್. ಅರ್ಧಕ್ಕಿಂತ ಜಾಸ್ತಿ ಹೋಗಿದೆ. ಆದರೂ ನಾವು ಸಂಖ್ಯೆಯನ್ನು ಮುಂದಿಡುತ್ತೇವೆ, ವಿಸ್ತೀರ್ಣವನ್ನು ಬಿಟ್ಟುಬಿಡುತ್ತೇವೆ.

ನಮ್ಮ ಕಡೆಯ ಒಂದು ದೇವರಕಾಡಿಗೆ ಹೋಗಿ ನೋಡಿ. ಕಲ್ಲಿನ ಕಟ್ಟೆ, ಅದರ ಮೇಲೆ ಮಣ್ಣಿನ ನಾಯಿಗಳ ಹರಕೆ, ಪಕ್ಕದಲ್ಲಿ ಎರಡು ದೊಡ್ಡ ಮರ. ಮೂರು ಕಡೆಯಿಂದ ಕಾಫಿ ಗಿಡ ಕಟ್ಟೆಯ ಬುಡದವರೆಗೆ ಬಂದಿದೆ. ನಾಲ್ಕನೇ ಕಡೆ ಸಿಮೆಂಟ್ ಮೆಟ್ಟಿಲು. ಲೆಕ್ಕದಲ್ಲಿ ಇದೂ ಒಂದು ದೇವರಕಾಡು. ಹತ್ತಾರು ಎಕರೆ ದಟ್ಟ ಕಾಡು ಉಳಿಸಿಕೊಂಡ ಊರಿನದ್ದೂ ಒಂದು.

ನನಗೆ ಅನ್ನಿಸುವುದು ಇಷ್ಟು. ಕಡತದಲ್ಲಿ ಇರುವುದನ್ನು ನಾವು ಕೇಳದೆ ನಂಬುತ್ತೇವೆ. ಕಡತದಲ್ಲಿ ಇಲ್ಲದವರು ಮಾತ್ರ ತಾವು ಇದ್ದೇವೆ ಅಂತ ತೋರಿಸಿಕೊಡಬೇಕು. ಬರೆಯುವವರು ಈ ಭಾರವನ್ನು ಯಾರ ತಲೆ ಮೇಲೆ ಇಡುತ್ತಿದ್ದೇವೆ ಅಂತ ಯೋಚಿಸಬೇಕು. ನೀವೆಲ್ಲ ಏನಂತೀರಿ?

ಮಡಿಕೇರಿ_ಮೇಷ್ಟ್ರು

ಒಳ್ಳೆಯ ವಿಷಯ ಎತ್ತಿದ್ದೀರಿ. ಆದರೆ ಕೊಡಗಿನ ಬರವಣಿಗೆಯಲ್ಲಿ ಅಸ್ತಿತ್ವದ ಮಾತು ಯಾಕೆ ಇಷ್ಟು ಬರುತ್ತದೆ ಅನ್ನುವುದಕ್ಕೆ ಕಾರಣ ಇದೆ. ಅದನ್ನು ಸುಮ್ನೆ ಅಭ್ಯಾಸ ಅಂತ ತಳ್ಳಿಹಾಕಬೇಡಿ.

1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡರು. ಅಲ್ಲಿಂದ ಮುಂದೆ ಇದು ಚೀಫ್ ಕಮಿಷನರ್ ಪ್ರಾಂತ್ಯವಾಗಿ ಬೇರೆಯೇ ಉಳಿಯಿತು. ಸ್ವಾತಂತ್ರ್ಯದ ನಂತರ ‘ಸಿ’ ದರ್ಜೆಯ ರಾಜ್ಯ. 1952ರ ಚುನಾವಣೆಯಲ್ಲಿ ಇಲ್ಲಿ 24 ಸ್ಥಾನಗಳ ಸ್ವಂತ ವಿಧಾನಸಭೆ ಇತ್ತು. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಮೈಸೂರಿನ ಜೊತೆ ಸೇರಬೇಕಾ ಬೇಡವಾ ಅನ್ನುವುದೇ ಆಗಿನ ದೊಡ್ಡ ಚರ್ಚೆ. 1956ರ ನವೆಂಬರ್ 1ಕ್ಕೆ ಆ ರಾಜ್ಯ ಮುಗಿಯಿತು, ಜಿಲ್ಲೆ ಆಯಿತು. ಆಮೇಲೆ ಜಿಲ್ಲೆಗೆ ಮೂರು ವಿಧಾನಸಭಾ ಕ್ಷೇತ್ರಗಳಿದ್ದವು. 2008ರ ವಿಂಗಡಣೆಯಲ್ಲಿ ಸೋಮವಾರಪೇಟೆ ಕ್ಷೇತ್ರ ಹೋಗಿ ಮಡಿಕೇರಿ, ವಿರಾಜಪೇಟೆ ಎರಡೇ ಉಳಿದವು. ಲೋಕಸಭೆಗೆ ಮೈಸೂರಿನ ಜೊತೆ.

ಒಂದು ಕಾಲಕ್ಕೆ ಸ್ವಂತ ಶಾಸನಸಭೆ ಇದ್ದ ನೆಲ ಇದು. ಇಲ್ಲಿಯ ಹಿರಿಯರು ‘ನಾವು ಇಲ್ಲವಾಗುತ್ತಿದ್ದೇವೆ’ ಅಂದರೆ ಅದು ಉತ್ಪ್ರೇಕ್ಷೆ ಅಲ್ಲ. ಕಣ್ಣೆದುರು ಕಂಡದ್ದು.

ಆದರೂ ನಿಮ್ಮ ಮಾತಿನಲ್ಲಿ ಹುರುಳಿದೆ. 1956ರಲ್ಲಿ ಹೋದದ್ದು ರಾಜ್ಯ. 2008ರಲ್ಲಿ ಹೋದದ್ದು ಒಂದು ಕ್ಷೇತ್ರ. ಜನ ಹೋಗಲಿಲ್ಲ, ಊರು ಹೋಗಲಿಲ್ಲ. ಈಗಿನ ಲೇಖನಗಳಲ್ಲಿ ಇವೆಲ್ಲ ಒಂದೇ ಮಾತಿನಲ್ಲಿ ಕಲಸಿಹೋಗುತ್ತಿವೆ. ಸ್ಥಾನ ಕಡಿಮೆ ಆಗುವುದಕ್ಕೆ ಒಂದು ಪರಿಹಾರ, ಭಾಷೆ ಸೊರಗುವುದಕ್ಕೆ ಇನ್ನೊಂದು. ಎರಡಕ್ಕೂ ‘ಅಸ್ತಿತ್ವಕ್ಕೆ ಧಕ್ಕೆ’ ಅಂತ ಬರೆದರೆ ಓದುಗ ಹೆದರುತ್ತಾನೆ. ಯಾರ ಹತ್ತಿರ ಹೋಗಿ ಏನು ಕೇಳಬೇಕು ಅಂತ ಮಾತ್ರ ಅವನಿಗೆ ಗೊತ್ತಾಗುವುದಿಲ್ಲ.

ಏಲಕ್ಕಿ_ಗಿಡ

ನಾನು ಬೆಂಗಳೂರಿನಲ್ಲಿ ಕೆಲಸ ಮಾಡುವ ಕೊಡವ ಹುಡುಗಿ. ಮೇಷ್ಟ್ರ ಮಾತಿಗೆ ನನ್ನ ಒಪ್ಪಿಗೆ ಇದೆ. ಓದುಗ ಅಣ್ಣನ ಮಾತಿಗೆ ಅರ್ಧ ಮಾತ್ರ.

ಯುನೆಸ್ಕೊ ಕೊಡವ ತಕ್ಕ್ ಅನ್ನು ಖಚಿತವಾಗಿ ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿ ಇಟ್ಟಿದೆ. 2001ರ ಜನಗಣತಿಯಲ್ಲಿ ಇದನ್ನು ಮಾತೃಭಾಷೆ ಅಂತ ಬರೆಸಿದವರು 1,66,187. 2011ರಲ್ಲಿ 1,13,857. ಐವತ್ತೆರಡು ಸಾವಿರ ಕಡಿಮೆ. ಇದನ್ನು ನೋಡಿದ ಮೇಲೂ ‘ಅಸ್ತಿತ್ವ’ ಅಂತ ಬರೆಯಬೇಡಿ ಅನ್ನುವುದು ಸರಿಯಾ? ನಮ್ಮ ಒಕ್ಕದ (ಮನೆತನದ) ಚಿಕ್ಕ ಮಕ್ಕಳು ಅಜ್ಜಿಯ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಅಜ್ಜಿ ತಕ್ಕ್‌ನಲ್ಲಿ ಕೇಳಿದ್ದು ಅವರಿಗೆ ಅರ್ಥ ಆಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನಗೆ ಅದು ನಿಜಕ್ಕೂ ಭಯ.

ಚಿಕ್ಕ ಸಮುದಾಯಕ್ಕೆ ತನ್ನ ಭಯವನ್ನು ಹೇಳಿಕೊಳ್ಳಲು ಒಂದು ಗಟ್ಟಿ ಮಾತು ಬೇಕು. ಅಂಕಿ ಅಂಶ ಯಾರೂ ಓದುವುದಿಲ್ಲ ಅಣ್ಣ.

ಮಡಿಕೇರಿ_ಮೇಷ್ಟ್ರು

ಮಗಳೇ, ಭಯ ನಿಜ. ಆದರೆ ಆ ಸಂಖ್ಯೆಯನ್ನು ಸ್ವಲ್ಪ ನಿಧಾನವಾಗಿ ನೋಡು. ಹತ್ತು ವರ್ಷದಲ್ಲಿ ಐವತ್ತೆರಡು ಸಾವಿರ ಜನ ಮಾತು ಬಿಟ್ಟರು ಅಂತ ಅದು ಹೇಳುವುದಿಲ್ಲ. ಅಷ್ಟು ಕಡಿಮೆ ಜನರ ಹೆಸರಿನ ಮುಂದೆ ಆ ಭಾಷೆ ದಾಖಲಾಯಿತು ಅಂತ ಹೇಳುತ್ತದೆ. ಕೊಡವ ತಕ್ಕ್ ಆಡುವವರು ಕೊಡವರು ಮಾತ್ರ ಅಲ್ಲ. ಅಮ್ಮ ಕೊಡವರು, ಹೆಗ್ಗಡೆ, ಐರಿ, ಕೋಯವ, ಮೇದ, ಕೆಂಬಟ್ಟಿ, ಹೀಗೆ ಎಷ್ಟೋ ಸಮುದಾಯಗಳ ಮನೆಮಾತು ಅದೇ. ಗಣತಿಗೆ ಬಂದವರು ಮಾತೃಭಾಷೆ ಯಾವುದು ಅಂತ ಕೇಳಿದಾಗ ಅವರು ಏನು ಹೇಳಿದರು, ಬಂದವರು ಏನು ಬರೆದುಕೊಂಡರು, ಅದರ ಮೇಲೆ ಸಂಖ್ಯೆ ನಿಂತಿದೆ.

ಇನ್ನೊಂದು ವಿಷಯ ಕೇಳು. ಇಡೀ ದೇಶದಲ್ಲಿ ಹತ್ತು ಸಾವಿರಕ್ಕಿಂತ ಕಡಿಮೆ ಜನ ಬರೆಸಿದ ಮಾತಿಗೆ ಗಣತಿಯ ಪ್ರಕಟಿತ ಪಟ್ಟಿಯಲ್ಲಿ ಹೆಸರೇ ಇಲ್ಲ, ‘ಇತರೆ’ಗೆ ಹೋಗುತ್ತದೆ. ಇಲ್ಲಿಯ ಯರವ ಬುಡಕಟ್ಟಿನವರ ಮಾತು ಮಲಯಾಳಂ ಗುಂಪಿನೊಳಗೆ, ಕುರುಬರ ಮಾತು ಕನ್ನಡದ ಗುಂಪಿನೊಳಗೆ ಸೇರಿದೆ. ಕೊಡವ ತಕ್ಕ್‌ಗೆ ಪಟ್ಟಿಯಲ್ಲಿ ತನ್ನದೇ ಸಾಲು ಇದೆ, ಅದಕ್ಕೇ ಅದರ ಇಳಿಕೆ ನಮಗೆ ಕಾಣುತ್ತದೆ. ಯರವ ಮಾತು ಸೊರಗಿದರೆ ಯಾವ ಲೇಖನ ಬರೆಯುತ್ತೀರಿ? ಕೊಡವ ಸಾಹಿತ್ಯ ಅಕಾಡೆಮಿ 1994ರಿಂದ ಇದೆ, ಆಮೇಲೆ ಅರೆಭಾಷೆಗೂ ಒಂದು ಅಕಾಡೆಮಿ ಬಂತು. ಒಳ್ಳೆಯದೇ. ಅದೇ ತೋಟದ ಕೂಲಿಯವರಿರುವ ಲೈನ್ ಮನೆಯಲ್ಲಿ ಆಡುವ ಮಾತಿನ ಬಗ್ಗೆ ‘ಅಸ್ತಿತ್ವ’ ಅಂತ ಯಾರೂ ಬರೆದದ್ದು ನಾನು ಓದಿಲ್ಲ.

ಏಲಕ್ಕಿ_ಗಿಡ

ಇದು ನನಗೆ ಹೊಳೆದಿರಲಿಲ್ಲ ಮೇಷ್ಟ್ರೇ. ಆದರೂ ಹೇಳುತ್ತೇನೆ, ಅವರ ಮಾತನ್ನು ಯಾರೂ ಬರೆದಿಲ್ಲ ಅಂತ ನಾವು ನಮ್ಮದನ್ನು ಬರೆಯುವುದು ನಿಲ್ಲಿಸಬಾರದು. ಎರಡನ್ನೂ ಬರೆಯಬೇಕು.

ಸೋಮವಾರಪೇಟೆ_ಸಂತೆ

ನನ್ನದು ಚಿಕ್ಕ ಮಾತು. ಪೊನ್ನಂಪೇಟೆ, ಕುಶಾಲನಗರ ಹೊಸ ತಾಲೂಕುಗಳು ‘ಅಸ್ತಿತ್ವಕ್ಕೆ ಬಂದವು’ ಅಂತ ಎಲ್ಲ ಕಡೆ ಓದಿದೆವು. ಆದೇಶ ಬಂದ ದಿನಕ್ಕೂ, ಜನ ತಮ್ಮ ಎಲ್ಲ ಕೆಲಸಕ್ಕೂ ಅಲ್ಲಿಗೇ ಹೋಗುವ ದಿನಕ್ಕೂ ನಡುವೆ ಎಷ್ಟು ಕಾಲ ಹಿಡಿಯಿತು ಅನ್ನುವುದು ಅಲ್ಲಿಯವರಿಗೆ ಗೊತ್ತು. ಸುದ್ದಿ ಬರೆಯುವವರು ಆದೇಶದ ದಿನವನ್ನೇ ಹುಟ್ಟಿದ ದಿನ ಮಾಡುತ್ತಾರೆ. ಕಚೇರಿ ಬಾಗಿಲು ತೆರೆದು, ಸಿಬ್ಬಂದಿ ಬಂದು, ಕಡತ ಹಳೆಯ ಊರಿನಿಂದ ಇಲ್ಲಿಗೆ ಬಂದ ದಿನವನ್ನೂ ಬರೆಯಬೇಕು ಅಲ್ವಾ?

ಹಟ್ಟಿಹೊಳೆ_ಕಡೆಯವ

ನಮ್ಮ ಕಡೆ ಇದಕ್ಕೆ ತದ್ವಿರುದ್ಧ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಮಕ್ಕಂದೂರು, ಹಟ್ಟಿಹೊಳೆ, ಕಾಲೂರು, ಜೋಡುಪಾಲ, ಎಲ್ಲದಕ್ಕೂ ‘ನಾಮಾವಶೇಷ’, ‘ನಕ್ಷೆಯಿಂದ ಅಳಿಸಿಹೋದ ಊರು’ ಅಂತ ಬರೆದರು. ಆ ಹೊತ್ತಿಗೆ ಅದು ಸಹಜ. ಅಷ್ಟು ಭೀಕರ ಇತ್ತು. ಆದರೆ ಆ ಮಾತು ಆಮೇಲೂ ನಿಂತುಬಿಟ್ಟಿತು. ನಾವು ಇಲ್ಲೇ ಇದ್ದೇವೆ. ತೋಟ ಇದೆ, ರಸ್ತೆ ಇದೆ, ಮಳೆಗಾಲ ಬಂದರೆ ಹೆದರಿಕೆಯೂ ಇದೆ. ಅಳಿಸಿಹೋದ ಊರಿನ ರಸ್ತೆಗೆ ತಡೆಗೋಡೆ ಕಟ್ಟಿ ಅಂತ ಕೇಳುವುದು ಹೇಗೆ ಹೇಳಿ?

ಇನ್ನು ಜಮೀನಿನ ಕಥೆ. ನನ್ನ ಚಿಕ್ಕಪ್ಪನ ಎರಡು ಎಕರೆ ಕಾಫಿ ತೋಟ ಹೊಳೆಗೆ ಹೋಯಿತು. ಈಗ ಅಲ್ಲಿ ಬಂಡೆ, ಮರಳು, ಬೇರು ಸಮೇತ ಬಿದ್ದ ಸಿಲ್ವರ್ ಮರಗಳು. ಎಲ್ಲೆ ಎಲ್ಲಿತ್ತು ಅಂತ ಗುರುತಿಸಲು ಒಂದು ಬೇಲಿ ಕಂಬವೂ ಉಳಿದಿಲ್ಲ. ಆರ್‌ಟಿಸಿ (ಪಹಣಿ) ತೆಗೆದರೆ ಎರಡು ಎಕರೆ ಹಾಗೇ ಇದೆ, ಬೆಳೆ ಕಾಲಂನಲ್ಲಿ ಕಾಫಿ. ಕಾಗದದಲ್ಲಿ ತೋಟ ಇದೆ, ನೆಲದಲ್ಲಿ ಇಲ್ಲ. ಕಚೇರಿಯಲ್ಲಿ ಕೂತವರು ಕಾಗದವನ್ನೇ ನೋಡುತ್ತಾರೆ. ಇಲ್ಲ ಅಂತ ಸಾಬೀತು ಮಾಡುವುದೂ ನಮ್ಮ ಕೆಲಸವೇ ಆಯಿತು.

ಕಕ್ಕಬ್ಬೆ_ಓದುಗ

ನೀವು ಆರ್‌ಟಿಸಿ ವಿಷಯ ಎತ್ತಿದ್ದು ಒಳ್ಳೆಯದಾಯಿತು. ತಲೆಮಾರಿನಿಂದ ಬರುವ ಜಮ್ಮಾ ಹಿಡುವಳಿ ಇರುವ ಎಷ್ಟೋ ಒಕ್ಕಗಳಲ್ಲಿ ಎಂದೋ ತೀರಿಕೊಂಡ ಪಟ್ಟೆದಾರರ (ಒಕ್ಕದ ಹಿರಿಯರ) ಹೆಸರು ಇನ್ನೂ ದಾಖಲೆಯಲ್ಲಿ ಕೂತಿದೆ. ಅದೇ ನೆಲದಲ್ಲಿ ಬೆವರು ಸುರಿಸುವ ಮೊಮ್ಮಕ್ಕಳ ಹೆಸರು ಇಲ್ಲ. ಬ್ಯಾಂಕಿನವರು ಸಾಲಕ್ಕೆ ಕಾಗದ ಕೇಳುತ್ತಾರೆ. ಇದರ ಬಗ್ಗೆ ನಾವು ಸಾಕಷ್ಟು ಬರೆದಿದ್ದೇವೆ, ಹೋರಾಟವೂ ಆಗಿದೆ. ಕಡತದಲ್ಲಿ ಇಲ್ಲದಿರುವುದು ಎಷ್ಟು ಕಷ್ಟ ಅಂತ ಕೊಡಗಿನವರಿಗೆ ಚೆನ್ನಾಗಿ ಗೊತ್ತು. ಹಾಗಿದ್ದರೆ ಹಾಡಿಯವರ, ಅಂದರೆ ಬುಡಕಟ್ಟಿನವರ ವಸತಿಗಳಲ್ಲಿ ಇರುವವರ, ಕಷ್ಟ ನಮಗೆ ಬೇಗ ಅರ್ಥ ಆಗಬೇಕಿತ್ತು.

ಲೈನ್ಮನೆ_ಟಿಪ್ಪಣಿ

ಆ ಮಾತು ಬರಲಿ ಅಂತಲೇ ಕಾಯುತ್ತಿದ್ದೆ. ನಾನು ಹಾಡಿ ಮಕ್ಕಳಿಗೆ ಪಾಠ ಹೇಳುತ್ತೇನೆ, ಅರ್ಜಿ ಬರೆದುಕೊಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಲೈನ್ ಮನೆಯಲ್ಲಿ ಇರುವ ಯರವ ಕುಟುಂಬದ ವಿಳಾಸ ಏನು ಗೊತ್ತಾ? ‘ಇಂಥವರ ತೋಟ, ಲೈನ್ ಮನೆ.’ ತೋಟ ಬಿಟ್ಟರೆ ವಿಳಾಸವೂ ಹೋಯಿತು. ರೇಷನ್ ಕಾರ್ಡ್, ವೋಟರ್ ಕಾರ್ಡ್, ಮಕ್ಕಳ ಜಾತಿ ಪತ್ರ, ಎಲ್ಲಕ್ಕೂ ವಿಳಾಸ ಬೇಕು. ಹಾಗಾಗಿ ತೋಟ ಬಿಡುವ ಮೊದಲು ಅವರು ನೂರು ಸಲ ಯೋಚಿಸುತ್ತಾರೆ. 2016ರಲ್ಲಿ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡವರಲ್ಲಿ ಎಷ್ಟೋ ಜನ ಹೀಗೆ ಲೈನ್ ಮನೆಯಿಂದ ಹೊರಗೆ ಬಂದವರು. ಆ ಡಿಸೆಂಬರಿನಲ್ಲಿ 577 ಕುಟುಂಬಗಳ ಗುಡಿಸಲು ಕೆಡವಿದರು. ಆಗ ಬಂದ ಬರಹಗಳನ್ನು ಮತ್ತೆ ತೆಗೆದು ಓದಿ. ‘ಇವರು ಎಲ್ಲಿಂದ ಬಂದರು?’ ಅನ್ನುವ ಪ್ರಶ್ನೆಯೇ ಜಾಸ್ತಿ. ತಲೆಮಾರುಗಳಿಂದ ಇದೇ ಜಿಲ್ಲೆಯ ಕಾಫಿ ಕೊಯ್ದವರನ್ನು ಎಲ್ಲಿಂದ ಬಂದರು ಅಂತ ಕೇಳಿದೆವು. ಹೋರಾಟ ಆದ ಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಜಾಗ ಕೊಟ್ಟರು.

2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ 52 ಜೇನುಕುರುಬ ಕುಟುಂಬಗಳು ವಾಪಸ್ ಹೋದವು. ಇದು ನಮ್ಮ ಹಿರಿಯರ ಹಾಡಿ, ನಮ್ಮನ್ನು ಇಲ್ಲಿಂದ ಎಬ್ಬಿಸಿದ್ದು ಅಂತ ಅವರ ಮಾತು. ಅಲ್ಲಿ ಹಾಡಿ ಇತ್ತಾ ಇರಲಿಲ್ಲವಾ ಅನ್ನುವುದರ ಮೇಲೇ ಇಡೀ ಜಗಳ ನಿಂತಿತು. ನೋಡಿ, ಇಲ್ಲಿ ‘ಅಸ್ತಿತ್ವ’ ಭಾಷಣದ ಮಾತಲ್ಲ. ಇತ್ತು ಅಂದರೆ ಹಕ್ಕು, ಇರಲಿಲ್ಲ ಅಂದರೆ ಅತಿಕ್ರಮಣ.

ಇದನ್ನು ತೀರ್ಮಾನಿಸುವುದು ಹೇಗೆ ಅಂತ ಕಾನೂನಿನಲ್ಲೇ ಬರೆದಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಬುಡಕಟ್ಟಿನವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಆ ಕಾಡನ್ನು ನಂಬಿ ಬದುಕಿದ್ದರು ಅಂತ ತೋರಿಸಬೇಕು. ಹೇಗೆ ತೋರಿಸಬೇಕು? ನಿಯಮಗಳ ಪಟ್ಟಿಯಲ್ಲಿ ಸರ್ಕಾರಿ ಕಾಗದದ ಜೊತೆಗೇ ಮನೆ ಗುಡಿಸಲಿನ ಕುರುಹು, ಬಾವಿ, ಸಮಾಧಿ, ಪೂಜೆಯ ಜಾಗ ಇವೆ. ಅರ್ಜಿದಾರರಲ್ಲದ ಹಿರಿಯರು ಹೇಳಿ ಬರೆಸಿದ ಹೇಳಿಕೆಯೂ ಪುರಾವೆ. ಇಂಥ ಒಂದಕ್ಕಿಂತ ಹೆಚ್ಚು ಪುರಾವೆಗಳನ್ನು ನೋಡಬೇಕು. 2012ರ ತಿದ್ದುಪಡಿ ಇನ್ನೂ ಸ್ಪಷ್ಟ. ಉಪಗ್ರಹ ಚಿತ್ರ ಪೂರಕವಾಗಿ ಬಳಸಬಹುದು, ಬೇರೆ ಪುರಾವೆಯ ಬದಲಿಗೆ ಅಲ್ಲ. ಬಿದಿರು ಹುಲ್ಲಿನ ಗುಡಿಸಲು, ಮೇಲೆ ದೊಡ್ಡ ಮರಗಳ ನೆರಳು. ಆಕಾಶದಿಂದ ಅದರ ಚಾವಣಿ ಎಲ್ಲಿ ಕಾಣಬೇಕು ಹೇಳಿ.

ನಾನು ಒಬ್ಬ ಅಜ್ಜಿಯ ಹೇಳಿಕೆ ಬರೆದುಕೊಂಡಿದ್ದೆ. ಆಕೆಗೆ ಇಸವಿ ಗೊತ್ತಿಲ್ಲ. ಆದರೆ ಯಾವ ಮರದ ಬುಡದಲ್ಲಿ ತನ್ನ ಅವ್ವನನ್ನು ಮಣ್ಣು ಮಾಡಿದ್ದು, ಯಾವ ಕಲ್ಲಿನ ಮುಂದೆ ದೀಪ ಇಡುವುದು, ನೀರು ತರುತ್ತಿದ್ದ ಕೊಲ್ಲಿ (ಸಣ್ಣ ತೊರೆ) ಬೇಸಿಗೆಯಲ್ಲಿ ಎಲ್ಲಿಯವರೆಗೆ ಬತ್ತುತ್ತದೆ, ಎಲ್ಲ ಹೇಳಿದರು. ಜೊತೆಗೆ ನಡೆದು ಹೋಗಿ ತೋರಿಸಿದರು. ಕಲ್ಲಿನ ಮೇಲೆ ಎಣ್ಣೆ ಹೀರಿದ ಕಪ್ಪು ಕಲೆ ಇತ್ತು. ಕಾನೂನು ಕೇಳುವುದು ಇದನ್ನೇ. ಆದರೆ ಲೇಖನಗಳಲ್ಲಿ ಇದು ‘ಆದಿವಾಸಿಗಳ ನಂಬಿಕೆ’ ಅಂತ ಬರುತ್ತದೆ. ನಕ್ಷೆಯ ಗೆರೆ ‘ವಾಸ್ತವ’ ಅಂತ ಬರುತ್ತದೆ.

ಸೋಮವಾರಪೇಟೆ_ಸಂತೆ

ಅಕ್ಕ, ನಿಮ್ಮ ಕೆಲಸಕ್ಕೆ ದೊಡ್ಡ ನಮಸ್ಕಾರ. ಆದರೆ ಒಂದು ಕೇಳುತ್ತೇನೆ. ಎಲ್ಲರೂ ಬಂದು ನಾವು ಇಲ್ಲೇ ಇದ್ದೆವು ಅಂದರೆ ಕಾಡು ಉಳಿಯುತ್ತದಾ? ನಮ್ಮ ಕಡೆ ಕಾಡಂಚಿನಲ್ಲಿ ಒತ್ತುವರಿ ಮಾಡಿಕೊಂಡ ದೊಡ್ಡವರೂ ಹೀಗೇ ಹೇಳುತ್ತಾರೆ.

ಲೈನ್ಮನೆ_ಟಿಪ್ಪಣಿ

ಕೇಳಬೇಕಾದ ಪ್ರಶ್ನೆಯೇ ತಮ್ಮ. ದೊಡ್ಡವರಿಗೂ ಹಾಡಿಯವರಿಗೂ ಕಾನೂನು ಒಂದೇ ಅಳತೆ ಇಟ್ಟಿಲ್ಲ. ಬುಡಕಟ್ಟಿನವರಲ್ಲದವರು 2005ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಅರ್ಜಿ ಮೊದಲು ಗ್ರಾಮಸಭೆಗೆ, ಆಮೇಲೆ ಉಪವಿಭಾಗ ಮಟ್ಟದ ಸಮಿತಿಗೆ, ಆಮೇಲೆ ಜಿಲ್ಲಾ ಸಮಿತಿಗೆ ಹೋಗುತ್ತದೆ. ಸುಳ್ಳು ಇದ್ದರೆ ಅಲ್ಲಿ ಸಿಕ್ಕಿಬೀಳಲಿ. ನಾನು ಕೇಳುವುದು ಆ ಪರಿಶೀಲನೆ ಮುಗಿಯುವವರೆಗೆ ‘ಅತಿಕ್ರಮಣಕಾರರು’ ಅಂತ ಬರೆಯಬೇಡಿ ಅಂತ. ಪರಿಶೀಲನೆ ಮುಗಿಯದೆ ಎಬ್ಬಿಸಬಾರದು ಅಂತ ಅದೇ ಕಾಯ್ದೆ ಹೇಳುತ್ತದೆ.

ಡೆಸ್ಕ್_ರಾತ್ರಿಪಾಳಿ

ನಾನು ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುತ್ತೇನೆ. ನೀವು ಹೇಳುವ ಎಷ್ಟೋ ವಾಕ್ಯಗಳು ನಮ್ಮ ಕೈಯಿಂದಲೇ ಹೋಗುತ್ತವೆ. ಜಾಗ ಕಡಿಮೆ, ಸಮಯ ಕಡಿಮೆ. ‘ಅಸ್ತಿತ್ವಕ್ಕೆ ಕುತ್ತು’ ಶೀರ್ಷಿಕೆಯಲ್ಲಿ ಚೆನ್ನಾಗಿ ಕೂರುತ್ತದೆ. ‘ಕಂದಾಯ ದಾಖಲೆ ಪ್ರಕಾರ’ ಅಂತ ಸೇರಿಸಿದರೆ ಒಂದು ಸಾಲು ಉದ್ದ ಆಗುತ್ತದೆ. ಆ ಒಂದು ಸಾಲಿಗೆ ಜಾಗ ಬಿಡಿಸಬೇಕು ಅನ್ನುವುದು ನನ್ನ ನಿಲುವು. ಶೀರ್ಷಿಕೆ ಸಾಧಾರಣ ಆದರೂ ಪರವಾಗಿಲ್ಲ.

ಮೇಷ್ಟ್ರು ಹೇಳಿದ ಗಣತಿಯ ವಿಷಯಕ್ಕೆ ಒಂದು ಸೇರಿಸುತ್ತೇನೆ. ಮುಂದಿನ ಜನಗಣತಿ 2027ರದ್ದು. ಜಿಲ್ಲೆಯ ಜನಸಂಖ್ಯೆ 2001ರಲ್ಲಿ 5,48,561 ಇದ್ದದ್ದು 2011ರಲ್ಲಿ 5,54,519, ಅಂದರೆ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತ್ತು. ಜನಸಂಖ್ಯೆ ನೋಡಿ ಮತ್ತೆ ಕ್ಷೇತ್ರ ವಿಂಗಡಣೆ ಆದರೆ ಕೊಡಗಿನ ಮಾತು ಎದ್ದೇ ಏಳುತ್ತದೆ. ಆಗ ಅಸ್ತಿತ್ವದ ಲೇಖನಗಳು ರಾಶಿ ಬರುತ್ತವೆ. ನನ್ನ ಕೋರಿಕೆ ಇಷ್ಟೇ, ಬರೆಯುವವರು ಯಾವುದು ಹೋಗುತ್ತದೆ ಅಂತ ಬಿಡಿಸಿ ಬರೆದು ಕಳುಹಿಸಿ. ಸ್ಥಾನವಾ, ಅನುದಾನವಾ, ಭಾಷೆಯಾ, ನೆಲವಾ? ಹಾಗೆ ಬಂದ ಲೇಖನವನ್ನು ಕತ್ತರಿಸುವುದು ನಮಗೂ ಕಷ್ಟ.

ಏಲಕ್ಕಿ_ಗಿಡ

ಇದು ನನಗೆ ಒಪ್ಪಿಗೆ. ನನ್ನ ಭಯವನ್ನು ಬಿಡುವುದಿಲ್ಲ, ಅದನ್ನು ಬಿಡಿಸಿ ಬರೆಯುತ್ತೇನೆ. ಕೊಡವ ತಕ್ಕ್ ಮನೆಯಲ್ಲಿ ಆಡದಿದ್ದರೆ ಹೋಗುತ್ತದೆ, ಅದಕ್ಕೆ ಜವಾಬ್ದಾರಿ ನಮ್ಮ ಒಕ್ಕಗಳದ್ದು. ಗಣತಿಗೆ ಬಂದಾಗ ಸರಿಯಾಗಿ ಬರೆಸದಿದ್ದರೆ ಸಂಖ್ಯೆ ಹೋಗುತ್ತದೆ, ಅದನ್ನು ಊರಿನಲ್ಲಿ ಹೇಳಬೇಕು. ಲೈನ್ ಮನೆಗಳಿಗೆ ಗಣತಿಯವರು ಹೋದಾಗ ಯರವರ ಮಾತನ್ನು ಅವರು ಹೇಳಿದ ಹಾಗೇ ಬರೆದುಕೊಳ್ಳುತ್ತಾರಾ ಅಂತ ತೋಟದ ಮಾಲೀಕರಾದ ನಾವು ನೋಡಿಕೊಳ್ಳಬಹುದು. ನಮ್ಮ ತೋಟದಲ್ಲಿ ನಾನೇ ಜೊತೆಗಿರುತ್ತೇನೆ.

ಅಕ್ಕ, ಹಿರಿಯರ ಹೇಳಿಕೆ ಬರೆದುಕೊಳ್ಳುವ ಕೆಲಸಕ್ಕೆ ಜನ ಬೇಕಾ? ನಾನು ಟೈಪ್ ಮಾಡಿಕೊಡುತ್ತೇನೆ.

ಲೈನ್ಮನೆ_ಟಿಪ್ಪಣಿ

ಬೇಕು ತಂಗಿ, ಖಂಡಿತ ಬೇಕು. ಟೈಪ್ ಮಾಡುವಾಗ ಅಜ್ಜ ಅಜ್ಜಿಯರ ಮಾತನ್ನು ತಿದ್ದಬೇಡ. ‘ಅಂದಾಜು 1970ರಲ್ಲಿ’ ಅಂತ ನಾವೇ ಇಸವಿ ಹಾಕುವುದು ಬೇಡ. ‘ನನ್ನ ಮೊದಲ ಮಗ ಹುಟ್ಟಿದ ಮಳೆಗಾಲ’ ಅಂದರೆ ಹಾಗೇ ಇರಲಿ. ಮಗನ ಶಾಲೆ ದಾಖಲೆ ಸಿಕ್ಕಿದರೆ ಪಕ್ಕದಲ್ಲಿ ಇಟ್ಟರೆ ಸಾಕು.

ಮಡಿಕೇರಿ_ಮೇಷ್ಟ್ರು

ಹೇಳಿಕೆಯನ್ನು ಗ್ರಾಮಸಭೆಯಲ್ಲಿ ಓದಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಪ್ರತಿ ತೆಗೆದುಕೊಳ್ಳುವುದನ್ನು ಮರೆಯಬೇಡಿ. ಗ್ರಾಮಸಭೆಯ ನಿರ್ಣಯ ಒಪ್ಪಿಗೆ ಆಗದಿದ್ದರೆ 60 ದಿನದ ಒಳಗೆ ಉಪವಿಭಾಗ ಸಮಿತಿಗೆ ಮೇಲ್ಮನವಿ ಹಾಕಬೇಕು. ಅಲ್ಲಿ ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಿ ಅಂತ ಕೇಳಿ. ‘ದಾಖಲೆ ಇಲ್ಲ’ ಅಂತ ಬರೆದುಕೊಟ್ಟರೆ ಯಾವ ದಾಖಲೆ, ಯಾವ ನಿಯಮದ ಪ್ರಕಾರ ಅಂತ ಮರುಪ್ರಶ್ನೆ ಹಾಕಿ. ಅರ್ಜಿಯ ಕರಡು ನನಗೆ ಕಳುಹಿಸಿ, ನೋಡಿಕೊಡುತ್ತೇನೆ.

ಕಕ್ಕಬ್ಬೆ_ಓದುಗ

ನಮ್ಮ ಊರಿನ ದೇವರಕಾಡಿನ ಬಗ್ಗೆ ಒಂದು ಮನವಿ ಸಿದ್ಧ ಮಾಡುತ್ತಿದ್ದೇವೆ. ಜಿಲ್ಲೆಯಲ್ಲಿ ಎಷ್ಟು ಇವೆ ಅಂತ ಶುರು ಮಾಡುವ ಬದಲು ನಮ್ಮದು ದಾಖಲೆಯಲ್ಲಿ ಎಷ್ಟು ಎಕರೆ, ನೆಲದ ಮೇಲೆ ಈಗ ಎಷ್ಟು, ಉಳಿದದ್ದು ಯಾವ ಯಾವ ಕಡೆ ಹೋಗಿದೆ ಅಂತ ಅಳೆದು ಬರೆಯುತ್ತೇವೆ. ಒತ್ತುವರಿಯಲ್ಲಿ ನಮ್ಮ ಒಕ್ಕದ ಪಾಲು ಇದ್ದರೆ ಅದೂ ಬರಲಿ ಅಂತ ಮನೆಯಲ್ಲಿ ಮಾತಾಗಿದೆ. ಸರ್ವೆಗೆ ಅರ್ಜಿ ಹಾಕಿದ್ದೇವೆ. ಅಳತೆ ಮುಗಿದ ಮೇಲೆ ನಕ್ಷೆ ಸಮೇತ ಇಲ್ಲೇ ಹಾಕುತ್ತೇನೆ. ಬೇರೆ ಊರಿನವರೂ ನಿಮ್ಮದನ್ನು ಅಳೆಸಿ ಹಾಕಿ.